ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬಿ

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಹುಣಸೂರು ದಾಟಿ ಪಿರಿಯಾಪಟ್ಟಣ ಸೇರುವ ಮೊದಲು ಸಿಗುವ ಊರು ಕಂಪಲಾಪುರ. ಡಿಸೆಂಬರ್ ಬಂತೆಂದರೆ ಈ ಸೀಮೆಗೆ ಹೊಗೆಸೊಪ್ಪಿನ ಕಾಲ. ಬ್ಯಾರನ್ನುಗಳಲ್ಲಿ ಹದ ಮಾಡಿದ ವರ್ಜೀನಿಯಾ ಸೊಪ್ಪು ಬೇಲುಗಳಾಗಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ಬರುತ್ತದೆ. ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡುವ ತಿಂಗಳುಗಳಿವು. ದಿನಸಿ ಅಂಗಡಿಯ ಹಳೆಯ ಲೆಕ್ಕ ಚುಕ್ತಾ ಆಗುವುದು, ಗೊಬ್ಬರದ ಅಂಗಡಿಯ ಬಾಕಿ ತೀರುವುದು, ಬಟ್ಟೆ ಅಂಗಡಿಗೆ ಹೆಂಗಸರು ಮಕ್ಕಳು ಕಾಲಿಡುವುದು ಎಲ್ಲವೂ ಈಗಲೇ.

ಚಂದಾ ಕೇಳುವವರು ಬರುವುದೂ ಈಗಲೇ. ಗುಡಿಯ ಜೀರ್ಣೋದ್ಧಾರಕ್ಕೆಂದು ಒಂದು ರಸೀದಿ ಪುಸ್ತಕ, ಅಯ್ಯಪ್ಪ ಭಕ್ತರ ಅನ್ನದಾನಕ್ಕೆಂದು ಇನ್ನೊಂದು, ಊರ ಹುಡುಗರ ಕಬಡ್ಡಿ ಪಂದ್ಯಕ್ಕೆ ಮತ್ತೊಂದು. ಇವುಗಳ ನಡುವೆ, ಸದ್ದಿಲ್ಲದೆ, ಅಂಚೆಚೀಟಿಯಷ್ಟಗಲದ ಒಂದು ಕಾಗದದ ಬಾವುಟವೂ ಬರುತ್ತದೆ. ಅದರಲ್ಲಿ ಮೂರು ಬಣ್ಣ: ಕೆಂಪು, ಕಡುನೀಲಿ, ತಿಳಿನೀಲಿ. ಭೂಸೇನೆ, ನೌಕಾಸೇನೆ, ವಾಯುಸೇನೆಗೆ ಒಂದೊಂದು. ಅದು ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದ ಗುರುತು.

ಆ ಬಾವುಟವನ್ನೂ ಅದರ ಜೊತೆಗೆ ಬರುವ ಡಬ್ಬಿಯನ್ನೂ ಅಂಗಡಿಯವರು ಹೇಗೆ ಕಾಣುತ್ತಾರೆ? ಕೇಳುವುದಕ್ಕೆ ಸಣ್ಣ ಪ್ರಶ್ನೆ. ಆದರೆ ಇದರ ಹಿಂದೆ ಸಾವಿರ ವರ್ಷದ ಒಂದು ಪದ್ಧತಿ ಇದೆ, ಸುಪ್ರೀಂ ಕೋರ್ಟಿನ ಒಂದು ತೀರ್ಪು ಇದೆ, ಈಚಿನ ವರ್ಷಗಳ ಒಂದಷ್ಟು ಮೋಸವೂ ಇದೆ.

ಸೈನ್ಯ ನಡೆದ ದಾರಿ

ಈ ರಸ್ತೆಗೆ ಸೈನ್ಯ ಹೊಸದಲ್ಲ. 1791–92ರಲ್ಲಿ ಟಿಪ್ಪುವಿನ ಮೇಲೆ ಏರಿ ಬಂದ ಅಬರ್‌ಕ್ರೋಂಬಿಯ ಪಡೆ ಕೊಡಗಿನಿಂದ ಇಳಿದದ್ದು ಪಿರಿಯಾಪಟ್ಟಣದ ಕಡೆಗೇ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಣಸೂರು ಸೇನೆಯ ಸರಬರಾಜಿನ ಊರಾಗಿತ್ತು. ಫಿರಂಗಿ ಎಳೆಯುವ ಅಮೃತಮಹಲ್ ಎತ್ತುಗಳು, ಚರ್ಮದ ಸಾಮಾನು, ಕಂಬಳಿ ಇಲ್ಲಿಂದ ಹೋಗುತ್ತಿದ್ದವು. ಅಂದರೆ ವ್ಯಾಪಾರಕ್ಕೂ ದಂಡಿಗೂ ಇಲ್ಲಿ ಹಳೆಯ ಕೊಡುಕೊಳೆ ಉಂಟು.

ಇದೇ ರಸ್ತೆಯ ಇನ್ನೊಂದು ತುದಿಯಲ್ಲಿರುವ ಕೊಡಗು ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ, ಜನರಲ್ ಕೆ.ಎಸ್. ತಿಮ್ಮಯ್ಯ ಅವರ ನಾಡು. 1949ರ ಜನವರಿ 15ರಂದು ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಅದೇ ವರ್ಷದ ಆಗಸ್ಟ್ 28ರಂದು ರಕ್ಷಣಾ ಸಚಿವರ ಸಮಿತಿಯೊಂದು ಪ್ರತಿವರ್ಷ ಡಿಸೆಂಬರ್ 7ರಂದು ಧ್ವಜ ದಿನ ಆಚರಿಸಬೇಕೆಂದು ತೀರ್ಮಾನಿಸಿತು. ಸಣ್ಣ ಬಾವುಟವನ್ನು ಜನರಿಗೆ ಕೊಟ್ಟು, ಅವರು ಮನಸ್ಸಿಗೆ ಬಂದಷ್ಟು ಹಾಕಿದ ಹಣವನ್ನು ಕೂಡಿಸುವುದು. ಯುದ್ಧದಲ್ಲಿ ಮಡಿದವರ, ಅಂಗವಿಕಲರಾದವರ ಪುನರ್ವಸತಿ, ಸೇವೆಯಲ್ಲಿರುವವರ ಮತ್ತು ಅವರ ಸಂಸಾರದ ಕ್ಷೇಮ, ನಿವೃತ್ತರಾದವರ ನೆರವು ಎಂಬ ಮೂರು ಉದ್ದೇಶಗಳಿಗೆ ಅದನ್ನು ಬಳಸುವುದು.

1993ರಲ್ಲಿ ರಕ್ಷಣಾ ಸಚಿವಾಲಯ ಬೇರೆ ಬೇರೆಯಾಗಿದ್ದ ಹಲವು ಕಲ್ಯಾಣ ನಿಧಿಗಳನ್ನು ಸೇರಿಸಿ ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿ ಎಂಬ ಒಂದೇ ನಿಧಿ ಮಾಡಿತು. ದೆಹಲಿಯಲ್ಲಿ ಕೇಂದ್ರೀಯ ಸೈನಿಕ ಮಂಡಳಿ ಇದನ್ನು ನೋಡಿಕೊಳ್ಳುತ್ತದೆ. ನಮ್ಮ ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ, ಜಿಲ್ಲೆಗಳಲ್ಲಿ ಅದರ ಕಚೇರಿಗಳಿವೆ. ಬಾವುಟ, ವಾಹನಕ್ಕೆ ಅಂಟಿಸುವ ಧ್ವಜ, ರಸೀದಿ ಬರುವುದು ಈ ಕಚೇರಿಗಳಿಂದ.

ಆದರೆ ಬಾವುಟ ಹೆಚ್ಚಾಗಿ ಹೋಗುವ ದಾರಿ ಶಾಲೆ ಮತ್ತು ಸರ್ಕಾರಿ ಕಚೇರಿಗಳದ್ದು. ಮೇಷ್ಟರು ಮಕ್ಕಳಿಗೆ ಹಂಚುತ್ತಾರೆ, ಕಚೇರಿಯಲ್ಲಿ ಮೇಲಿನವರು ಕೆಳಗಿನವರಿಗೆ ಹಂಚುತ್ತಾರೆ. ಅಲ್ಲಿ ಇಲ್ಲವೆನ್ನುವುದು ಕಷ್ಟ. ಅಂಗಡಿ ಹಾಗಲ್ಲ. ಅಂಗಡಿಯವನಿಗೆ ಯಾರ ಆದೇಶವೂ ಇಲ್ಲ, ಗಿರಾಕಿಗಂತೂ ಇಲ್ಲವೇ ಇಲ್ಲ. ಊರಿನವರ ನಿಜವಾದ ಮನಸ್ಸು ತಿಳಿಯಬೇಕಾದರೆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟ ಡಬ್ಬಿಯನ್ನು ನೋಡಬೇಕು.

ಹೇರಿಗೆ ಇಷ್ಟು ಧರ್ಮ

ವ್ಯಾಪಾರದ ಜಾಗದಲ್ಲಿ ಧರ್ಮದ ಹಣ ಎತ್ತುವುದು ಕನ್ನಡ ನಾಡಿಗೆ ಪರಂಗಿಯವರು ಕಲಿಸಿದ್ದಲ್ಲ. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕರ ಸಂಘದ ಶಾಸನಗಳಲ್ಲಿ ಇದರ ವಿವರಗಳಿವೆ. ಅಡಕೆ, ಮೆಣಸು, ವೀಳ್ಯದೆಲೆಯ ಹೇರೊಂದಕ್ಕೆ ಇಷ್ಟು ಎಂದು ವರ್ತಕರು ತಾವೇ ಗೊತ್ತುಮಾಡಿಕೊಂಡು ದೇವಾಲಯಕ್ಕೆ, ಛತ್ರಕ್ಕೆ ಬಿಡುತ್ತಿದ್ದರು. ಅದು ಅರಸ ಹಾಕಿದ ತೆರಿಗೆಯಲ್ಲ. ಸಂತೆಯಲ್ಲಿ ಕೂತವರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ.

ಸೈನಿಕನ ಸಂಸಾರದ ಹೊಣೆ ಮಾತ್ರ ಆಗ ಬೇರೆ ಕಡೆ ಇತ್ತು. ಹೋರಾಡಿ ಮಡಿದವನ ಮನೆಯವರಿಗೆ ಭೂಮಿ ಬಿಡುವುದಕ್ಕೆ ನೆತ್ತರುಗೊಡಗೆ ಎಂದು ಹೆಸರು. ವೀರನಿಗೆ ಭೂಮಿ ಕೊಟ್ಟುದನ್ನು ಹೇಳುವ ಬಾಳ್ಗಚ್ಚು ಎಂಬ ಮಾತು ಕ್ರಿ.ಶ. 949–50ರ ಆತಕೂರು ಶಾಸನದಲ್ಲಿ ಬರುತ್ತದೆ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನಿಗೆ ಗಂಗರ ಬೂತುಗ ಹಳ್ಳಿಗಳನ್ನೇ ಕೊಟ್ಟ. ಊರ ಮುಂದೆ ನಿಂತ ಎಷ್ಟೋ ವೀರಗಲ್ಲುಗಳು ಬರೀ ನೆನಪಿನ ಕಲ್ಲುಗಳಲ್ಲ, ಆ ಮನೆಗೆ ಬಿಟ್ಟ ಗದ್ದೆಯ ದಾಖಲೆಗಳು ಕೂಡ.

ಹೀಗೆ ದೇವರಿಗೆ ವರ್ತಕ, ವೀರನಿಗೆ ಒಡೆಯ ಎಂಬ ಹಂಚಿಕೆ ಬಹುಕಾಲ ನಡೆಯಿತು. ಅಂಗಡಿಯ ಮುಂದೆ ಸೈನಿಕನ ಹೆಸರಿನ ಡಬ್ಬಿ ಕಾಣಿಸಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ, ಎರಡು ಮಹಾಯುದ್ಧಗಳು ಊರೂರಿನ ಹುಡುಗರನ್ನು ದೂರದ ರಣರಂಗಕ್ಕೆ ಒಯ್ದ ಮೇಲೆ. ಮೈಸೂರಿನ ಲ್ಯಾನ್ಸರ್‌ಗಳು 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆಲ್ಲುವುದರಲ್ಲಿ ಪಾಲುಗೊಂಡದ್ದು ಆ ಕಾಲದ್ದೇ ಕತೆ. 1962ರಲ್ಲಿ ಚೀನಾದೊಡನೆ ಯುದ್ಧವಾದಾಗ ರಾಷ್ಟ್ರೀಯ ರಕ್ಷಣಾ ನಿಧಿಗೆ ಹೆಂಗಸರು ಬಳೆ, ಸರ ಬಿಚ್ಚಿಕೊಟ್ಟರು. 1999ರ ಕಾರ್ಗಿಲ್ ಕಾಲದಲ್ಲಿ ಪತ್ರಿಕೆಗಳು, ಸಂಘಸಂಸ್ಥೆಗಳು, ಅಂಗಡಿ ಬೀದಿಗಳು ಹಣ ಕೂಡಿಸಿದವು.

ಯುದ್ಧದ ವರ್ಷ ಡಬ್ಬಿ ತುಂಬುತ್ತದೆ. ಶಾಂತಿಯ ವರ್ಷ ಅದೇ ಡಬ್ಬಿಯ ಮೇಲೆ ಧೂಳು ಕೂರುತ್ತದೆ. ಆದರೆ ಗಾಯಗೊಂಡವನ ಕಾಲು, ಗಂಡನನ್ನು ಕಳೆದುಕೊಂಡವಳ ಬದುಕು ಯುದ್ಧ ಮುಗಿದೊಡನೆ ಸರಿಹೋಗುವುದಿಲ್ಲ. ಧ್ವಜ ದಿನವನ್ನು ಯುದ್ಧವಿರಲಿ ಬಿಡಲಿ ಪ್ರತಿವರ್ಷ ನಡೆಸಬೇಕೆಂದು ಗೊತ್ತುಮಾಡಿದ್ದು ಒಳ್ಳೆಯದಾಯಿತೆನ್ನುವುದು ಇದಕ್ಕೇ.

ಆ ಹಣ ಯಾರದು?

ಮಂಡಿ ವ್ಯಾಪಾರ ಕಂಡವರಿಗೆ ಧರ್ಮಾದಾಯ ಎಂಬ ಪದ ಗೊತ್ತು. ಬಿಲ್ಲಿನ ಕೆಳಗೆ ಮೂಟೆಗೆ ಇಷ್ಟು ಎಂದು ಧರ್ಮದ ಹೆಸರಲ್ಲಿ ಸೇರಿಸುವ ಸಣ್ಣ ಮೊತ್ತ ಅದು. ಇದರಲ್ಲಿ ಎರಡು ಬಗೆಯ ತಕರಾರು ಹುಟ್ಟಿತು. ಮೊದಲನೆಯದು ರೈತನದು. ಮಾರಲು ಬಂದವನ ಹಣದಲ್ಲಿ ಅವನನ್ನು ಕೇಳದೆ ಧರ್ಮಕ್ಕೆಂದು ಮುರಿದುಕೊಂಡರೆ ಅದು ಯಾರು ಮಾಡಿದ ಧರ್ಮ? ನಿಯಂತ್ರಿತ ಮಾರುಕಟ್ಟೆಯ ಕಾನೂನುಗಳು ಬಂದುದಕ್ಕೆ ಇಂಥ ಕಡಿತಗಳೂ ಒಂದು ಕಾರಣ.

ಎರಡನೆಯದು ತೆರಿಗೆಯವರದು. ಗಿರಾಕಿಯಿಂದ ಧರ್ಮಾದಾಯವೆಂದು ವಸೂಲು ಮಾಡಿದ ಹಣ ವ್ಯಾಪಾರಿಯ ಪೆಟ್ಟಿಗೆಗೆ ಬಂದ ಮೇಲೆ ಅವನ ಆದಾಯವಲ್ಲವೇ ಎಂದು ಇಲಾಖೆ ಕೇಳಿತು. ಬಿಜ್ಲಿ ಕಾಟನ್ ಮಿಲ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅಲ್ಲವೆಂದಿತು. ಧರ್ಮಕ್ಕೆಂದು ಹೇಳಿ ಪಡೆದ ಹಣ ಪಡೆದ ಗಳಿಗೆಯಿಂದಲೇ ಧರ್ಮದ್ದು. ವ್ಯಾಪಾರಿ ಅದನ್ನು ಕಾಯುವವನೇ ಹೊರತು ಒಡೆಯನಲ್ಲ.

ಅಂಗಡಿ ಕಟ್ಟೆಯ ಮೇಲಿನ ಡಬ್ಬಿಯನ್ನು ಅರ್ಥ ಮಾಡಿಕೊಳ್ಳಲು ಈ ಮಾತು ದೊಡ್ಡ ದೀಪ. ಡಬ್ಬಿ ಇಟ್ಟುಕೊಳ್ಳಲು ಒಪ್ಪಿದವನು ಜಾಗವನ್ನಷ್ಟೇ ಕೊಡುತ್ತಿಲ್ಲ, ತನ್ನ ಹೆಸರನ್ನೂ ಕೊಡುತ್ತಿದ್ದಾನೆ. ಗಿರಾಕಿ ನಾಣ್ಯ ಹಾಕುವುದು ದೆಹಲಿಯ ಮಂಡಳಿಯನ್ನು ಕಂಡಲ್ಲ. ‘ನಮ್ಮ ಅಂಗಡಿ ಅಣ್ಣ ಇಟ್ಟಿದ್ದಾನೆ, ಸರಿಯಾದದ್ದೇ ಇರಬೇಕು’ ಎಂದುಕೊಂಡು.

ಬೋಣಿ ಆಗಿಲ್ಲ, ಆಮೇಲೆ ಬನ್ನಿ

ಡಬ್ಬಿ, ಬಾವುಟ, ರಸೀದಿ ಪುಸ್ತಕ ಬಂದಾಗ ಅಂಗಡಿಯವರು ಸಾಮಾನ್ಯವಾಗಿ ನಡೆದುಕೊಳ್ಳುವುದು ಮೂರು ರೀತಿ. ಕೆಲವರು ತಮ್ಮ ಗಲ್ಲದಿಂದ ಹತ್ತೋ ಇಪ್ಪತ್ತೋ ತೆಗೆದುಕೊಟ್ಟು ಮಾತು ಮುಗಿಸುತ್ತಾರೆ. ಕೆಲವರು ‘ಇಟ್ಟು ಹೋಗಿ ಸಾರ್’ ಎಂದು ಡಬ್ಬಿಗೆ ಜಾಗ ಕೊಡುತ್ತಾರೆ. ಇನ್ನು ಕೆಲವರು ‘ಇನ್ನೂ ಬೋಣಿ ಆಗಿಲ್ಲ, ಆಮೇಲೆ ಬನ್ನಿ’ ಎನ್ನುತ್ತಾರೆ. ಆಮೇಲೆ ಎಂಬುದು ಬರುವುದೇ ಇಲ್ಲ.

ಮೂರನೆಯವರನ್ನು ದೇಶದ ಮೇಲೆ ಅಭಿಮಾನವಿಲ್ಲದವರೆಂದು ಬೈಯುವುದು ಸುಲಭ. ಆದರೆ ಅವರ ಕಡೆಯಿಂದಲೂ ನೋಡಬೇಕು. ಸಣ್ಣ ಅಂಗಡಿಯ ಲಾಭ ಸಣ್ಣದು, ಚಂದಾದ ಪುಸ್ತಕಗಳು ಬಹಳ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲವೆನ್ನಲಾಗದು. ಡಬ್ಬಿ ಇಟ್ಟುಕೊಂಡರೆ ಅದನ್ನು ಕಾಯಬೇಕು. ಕಳುವಾದರೆ ಮಾತು ಬರುವುದು ಅಂಗಡಿಯವನ ಮೇಲೆ. ಎಲ್ಲಕ್ಕಿಂತ ಮುಖ್ಯವಾಗಿ, ಬಂದವರು ಯಾರು, ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಿಲ್ಲ. ಕಾನೂನಿನ ಪ್ರಕಾರ ಅಂಗಡಿ ಅದರ ಒಡೆಯನ ಸ್ವಂತ ಜಾಗ. ಅಲ್ಲಿ ನಿಂತು ಹಣ ಎತ್ತಲು ಅವನ ಒಪ್ಪಿಗೆ ಬೇಕು, ಬೇಡವೆನ್ನಲು ಅವನಿಗೆ ಹಕ್ಕಿದೆ.

ಮೊದಲನೆಯವರದೂ ಯೋಚಿಸಬೇಕಾದ ವಿಷಯವೇ. ಹತ್ತು ರೂಪಾಯಿ ಕೊಟ್ಟು ಸಾಗಹಾಕುವುದು ಧರ್ಮದಂತೆ ಕಂಡರೂ ಅದರಲ್ಲಿ ವಿಚಾರಿಸುವ ಶ್ರಮ ತಪ್ಪಿಸಿಕೊಳ್ಳುವ ಉಪಾಯವಿದೆ. ಮೋಸಗಾರನಿಗೆ ಬೇಕಾದದ್ದೂ ಇದೇ. ರಸೀದಿ ಕೇಳದೆ ಕೊಡುವ ಹತ್ತು ಅಂಗಡಿಗಳಿದ್ದರೆ ಅವನಿಗೆ ಆ ದಿನದ ದುಡಿಮೆ ಆಯಿತು.

ಗಸಗಸೆ ಹೂವಿನ ನಾಡುಗಳಲ್ಲಿ

ಬೇರೆ ದೇಶಗಳಲ್ಲೂ ಅಂಗಡಿಯವರಿಗೆ ಇದೇ ಇಕ್ಕಟ್ಟು. ಬ್ರಿಟನ್ನಿನಲ್ಲಿ 1921ರಿಂದ ನವೆಂಬರ್ ತಿಂಗಳಲ್ಲಿ ಮಾಜಿ ಸೈನಿಕರ ನೆರವಿಗೆ ಕೆಂಪು ಗಸಗಸೆ ಹೂವನ್ನು ಮಾರುತ್ತಾರೆ. ಕಾಗದದ ಈ ಹೂವಿಗೆ ಅಲ್ಲಿ ಪಾಪಿ ಎಂದು ಹೆಸರು. ಮೊದಲ ಮಹಾಯುದ್ಧ ನಡೆದ ಫ್ಲಾಂಡರ್ಸ್ ಬಯಲಲ್ಲಿ ಸಮಾಧಿಗಳ ನಡುವೆ ಅರಳಿದ ಹೂವು ಅದು. ಕೆನಡಾದಲ್ಲಿ ಅಂಗಡಿ ಕಟ್ಟೆಯ ಮೇಲೆ ಹೂವಿನ ತಟ್ಟೆಯೂ ಹಣದ ಡಬ್ಬಿಯೂ ಇರುವುದು ವಾಡಿಕೆ. ಡಬ್ಬಿ ಕದ್ದರೆಂಬ ಸುದ್ದಿಯೂ ಅಲ್ಲಿ ಆಗಾಗ ಬರುತ್ತದೆ.

2020ರ ನವೆಂಬರಿನಲ್ಲಿ ಕೆನಡಾದಲ್ಲಿ ಹೋಲ್ ಫುಡ್ಸ್ ಎಂಬ ದೊಡ್ಡ ಅಂಗಡಿಗಳ ಸಂಸ್ಥೆ ತನ್ನ ಕೆಲಸಗಾರರು ಸಮವಸ್ತ್ರದ ಮೇಲೆ ಈ ಹೂವು ಧರಿಸಕೂಡದೆಂದಿತು. ಒಂದಕ್ಕೆ ಒಪ್ಪಿದರೆ ಇನ್ನೊಂದಕ್ಕೂ ಒಪ್ಪಬೇಕಾಗುತ್ತದೆ ಎಂಬ ಅಂಜಿಕೆ. ದೇಶದ ಸಂಸತ್ತಿನವರೆಗೂ ಗದ್ದಲವೆದ್ದು ಸಂಸ್ಥೆ ಕೂಡಲೇ ಆ ನಿಯಮ ಕೈಬಿಟ್ಟಿತು. ಅಮೆರಿಕದಲ್ಲಿ ಇದಕ್ಕೆ ತಿರುಗುಮುರುಗಾದದ್ದೂ ನಡೆದಿದೆ. ದೊಡ್ಡ ಅಂಗಡಿ ಸಂಸ್ಥೆಯೊಂದು ವಿಯೆಟ್ನಾಂ ಯೋಧರ ಸ್ಮಾರಕಕ್ಕೆ ನೆರವು ನಿರಾಕರಿಸಿತೆಂಬ ಪತ್ರ 2002ರ ಸುಮಾರಿಗೆ ಇ–ಮೇಲಿನಲ್ಲಿ ಎಲ್ಲೆಡೆ ಹರಡಿತು. ಬರೆದವರು ಆಮೇಲೆ ತಪ್ಪಾಯಿತೆಂದರೂ ಪತ್ರದ ಓಟ ನಿಲ್ಲಲಿಲ್ಲ. ಸೈನಿಕನ ಹೆಸರು ಬಂದಾಗ ಜನರ ಮನಸ್ಸು ಬೇಗ ಕಾಯುತ್ತದೆ. ಆ ಬಿಸಿಯಲ್ಲಿ ನಿಜ ಯಾವುದೆಂದು ಕೇಳುವ ತಾಳ್ಮೆ ಕರಗುತ್ತದೆ.

ಸಿಯಾಚಿನ್ನಿನಿಂದ ಎಚ್.ಡಿ. ಕೋಟೆಗೆ

ನಮ್ಮಲ್ಲೂ ಹಾಗೆಯೇ. 2016ರ ಫೆಬ್ರುವರಿ 3ರಂದು ಸಿಯಾಚಿನ್ನಿನಲ್ಲಿ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹಿಮದಡಿ ಹೂತುಹೋದರು. ಅವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಇದ್ದರು. ಎಚ್.ಡಿ. ಕೋಟೆಯ ಸಿಪಾಯಿ ಪಿ.ಎನ್. ಮಹೇಶ್ ಇದ್ದರು. ಆಗ ದೇಶದೆಲ್ಲೆಡೆಯಿಂದ ಜನ ಹಣ ಕೊಡಲು ಮುಂದೆ ಬಂದರು. ಯಾವ ಖಾತೆಗೆ ಹಾಕುವುದೆಂಬ ಪ್ರಶ್ನೆ ಎದ್ದಿತು. ಯುದ್ಧದಲ್ಲಿ ನೊಂದವರ ಸಂಸಾರಗಳಿಗೆಂದೇ ಬೇರೆ ನಿಧಿ ಹುಟ್ಟಲು ಇದೇ ಕಾರಣವಾಯಿತು. ಸಶಸ್ತ್ರ ಪಡೆಗಳ ಯುದ್ಧ ಸಂತ್ರಸ್ತರ ಕಲ್ಯಾಣ ನಿಧಿಯೆಂಬ ಅದರ ಇಂದಿನ ರೂಪ 2020ರದ್ದು.

ನಿಧಿಗಳ ನಡುವಿನ ವ್ಯತ್ಯಾಸ ತಿಳಿದವರು ಕಡಿಮೆ. 2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಮಡಿದ ಮದ್ದೂರು ತಾಲ್ಲೂಕು ಗುಡಿಗೆರೆಯ ಗುರು ಸಿ.ಆರ್.ಪಿ.ಎಫ್.ನವರು. ಅದು ಗೃಹ ಸಚಿವಾಲಯದ ಪಡೆ. ಧ್ವಜ ದಿನದ ನಿಧಿ ಇರುವುದು ಮೂರು ಸೇನೆಗಳವರಿಗೆ. ಕೇಂದ್ರ ಪೊಲೀಸ್ ಪಡೆಗಳಲ್ಲಿ ಮಡಿದವರ ಮನೆಗಳಿಗೆ 2017ರಲ್ಲಿ ಭಾರತ್ ಕೆ ವೀರ್ ಎಂಬ ಬೇರೆ ವ್ಯವಸ್ಥೆ ಬಂದಿದೆ. ತಾಲ್ಲೂಕಿನ ಮಾಜಿ ಸೈನಿಕರ ಸಂಘದವರು ಎತ್ತುವ ಚಂದಾ ಇವೆರಡಕ್ಕೂ ಸೇರಿದ್ದಲ್ಲ. ಅದು ಆ ಸಂಘದ ಸ್ವಂತದ್ದು, ಅದರ ಲೆಕ್ಕ ಕೇಳಬೇಕಾದದ್ದು ಆ ಸಂಘದವರನ್ನೇ.

ಈ ಗೊಂದಲವೇ ಮೋಸಕ್ಕೆ ಗೊಬ್ಬರ. 2025ರ ಏಪ್ರಿಲಿನಲ್ಲಿ ಪಹಲ್ಗಾಮ್ ದಾಳಿಯ ಬೆನ್ನಿಗೇ ಸೇನೆಯ ಆಧುನೀಕರಣಕ್ಕೆ ಸರ್ಕಾರ ಖಾತೆ ತೆರೆದಿದೆ, ದಿನಕ್ಕೊಂದು ರೂಪಾಯಿ ಹಾಕಿ ಎಂಬ ಸಂದೇಶ ವಾಟ್ಸ್ಯಾಪಿನಲ್ಲಿ ಓಡಾಡಿತು. ಅದು ಜನರ ದಾರಿ ತಪ್ಪಿಸುವಂಥದ್ದೆಂದು ರಕ್ಷಣಾ ಸಚಿವಾಲಯ ಪ್ರಕಟಣೆ ಹೊರಡಿಸಬೇಕಾಯಿತು. ಈಗ ಡಬ್ಬಿಯ ಜಾಗಕ್ಕೆ ಕ್ಯೂಆರ್ ಚೀಟಿ ಬಂದಿದೆ. ಡಬ್ಬಿಯಾದರೆ ಒಡೆಯಬೇಕಿತ್ತು, ಚೀಟಿಯ ಮೇಲೆ ಇನ್ನೊಂದು ಚೀಟಿ ಅಂಟಿಸಿದರೆ ಸಾಕು.

ಹಾಗಾದರೆ ಅಂಗಡಿಯವರು ಮಾಡಬಹುದಾದದ್ದೇನು? ಬಂದವರನ್ನು ‘ಯಾವ ಕಚೇರಿಯಿಂದ ಬಂದಿರಿ ಸ್ವಾಮಿ, ಪತ್ರ ತೋರಿಸಿ’ ಎಂದು ಕೇಳಬಹುದು. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಫೋನ್ ಮಾಡಿ ವಿಚಾರಿಸಬಹುದು. ಡಬ್ಬಿಗೆ ಅರಗಿನ ಮುದ್ರೆಯೋ ಬೀಗವೋ ಇದೆಯೇ ನೋಡಬಹುದು. ತೆರೆದ ದಿನ ಇಬ್ಬರ ಎದುರು ಎಣಿಸಿ ರಸೀದಿ ಪಡೆದು ಅದನ್ನು ಅಂಗಡಿಯ ಗೋಡೆಗೆ ಅಂಟಿಸಬಹುದು. ಕ್ಯೂಆರ್ ಚೀಟಿಯಾದರೆ ಒಂದು ರೂಪಾಯಿ ಹಾಕಿ ಯಾರ ಹೆಸರು ಬರುತ್ತದೆಂದು ನೋಡಬಹುದು. ಕೇಂದ್ರೀಯ ಸೈನಿಕ ಮಂಡಳಿಗೆ ನೇರವಾಗಿಯೂ ಹಣ ಕಳಿಸಬಹುದು, ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಅದಕ್ಕೆ ರಿಯಾಯಿತಿಯೂ ಉಂಟು. ನಿಜವಾದ ಮಾಜಿ ಸೈನಿಕ ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಪಹರೆಯಲ್ಲಿ ನಿಂತು ಬಂದವರನ್ನು ಗುರುತು ಕೇಳಿದವನು ಅವನು.

ಬಾಗಿಲಲ್ಲಿ ನಿಂತವರು

ಈ ಕತೆಗೆ ಇನ್ನೊಂದು ಮಗ್ಗುಲಿದೆ. ಸಿಪಾಯಿಯಾಗಿ ಸೇರಿದವನು ಸಾಮಾನ್ಯವಾಗಿ ಮೂವತ್ತೈದು, ನಲವತ್ತರ ಆಸುಪಾಸಿನಲ್ಲೇ ಮನೆಗೆ ಬರುತ್ತಾನೆ. ಮಕ್ಕಳು ಆಗಿನ್ನೂ ಶಾಲೆಯಲ್ಲಿರುತ್ತಾರೆ. ಅವನಿಗೆ ಇನ್ನೊಂದು ಕೆಲಸ ಬೇಕು. ಪೇಟೆಗಳ ದೊಡ್ಡ ಅಂಗಡಿ, ಬ್ಯಾಂಕುಗಳ ಬಾಗಿಲಲ್ಲಿ ಕಾವಲಿಗೆ ನಿಂತವರಲ್ಲಿ ಎಷ್ಟೋ ಮಂದಿ ಇಂಥವರು. ಮಾಜಿ ಸೈನಿಕರನ್ನು ಕಾವಲು ಕೆಲಸಕ್ಕೆ ಕೊಡುವ ಏಜೆನ್ಸಿಗಳನ್ನು ರಕ್ಷಣಾ ಸಚಿವಾಲಯದ ಪುನರ್ವಸತಿ ನಿರ್ದೇಶನಾಲಯವೇ ನೋಂದಾಯಿಸುತ್ತದೆ. ಕಾರ್ಗಿಲ್‌ನಲ್ಲಿ ಮಡಿದವರ ಕುಟುಂಬಗಳಿಗೆ ಪೆಟ್ರೋಲ್ ಬಂಕ್, ಗ್ಯಾಸ್ ಏಜೆನ್ಸಿ ಕೊಟ್ಟದ್ದು ಓದುಗರಿಗೆ ನೆನಪಿರಬಹುದು. ಅಂದರೆ ಸೈನಿಕ ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬಿಯಲ್ಲಷ್ಟೇ ಇಲ್ಲ. ಬಾಗಿಲಲ್ಲೂ ಇದ್ದಾನೆ, ಕೆಲವೊಮ್ಮೆ ಗಲ್ಲಾಪೆಟ್ಟಿಗೆಯ ಹಿಂದೆಯೂ ಇದ್ದಾನೆ.

ದೊಡ್ಡ ಕಂಪನಿಗಳಿಗೆ ಕಾನೂನೇ ಒಂದು ದಾರಿ ತೋರಿಸಿದೆ. 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಸಾಮಾಜಿಕ ಹೊಣೆಯ ಹಣ ಬಳಸಬಹುದಾದ ಕೆಲಸಗಳ ಪಟ್ಟಿ ಇದೆ. ಮಾಜಿ ಯೋಧರು, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರು ಮತ್ತು ಅವರ ಅವಲಂಬಿತರ ನೆರವು ಅದರಲ್ಲಿ ಸೇರಿದೆ. ಹಳ್ಳಿಯ ದಿನಸಿ ಅಂಗಡಿಗೆ ಈ ಕಾನೂನು ಅನ್ವಯಿಸದು. ಆದರೆ ನಗರದ ಮಾಲುಗಳಲ್ಲಿ ಬಿಲ್ಲು ಹಾಕುವಾಗ ‘ಚಿಲ್ಲರೆ ದಾನಕ್ಕೆ ಹಾಕಲೇ’ ಎಂದು ಕೇಳುವವರನ್ನು ಗಿರಾಕಿ ಒಂದು ಮಾತು ಕೇಳಬಹುದು: ಇದು ನಿಮ್ಮ ಪಾಲೋ, ನನ್ನ ಪಾಲೋ?

ಹಣ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೂ ಉತ್ತರವಿದೆ. ಪಿಂಚಣಿ ಬಾರದ, 65 ದಾಟಿದ, ಬೇರೆ ಆದಾಯವಿಲ್ಲದ ಮಾಜಿ ಸೈನಿಕರಿಗೂ ಅಂಥವರ ವಿಧವೆಯರಿಗೂ ಈ ನಿಧಿಯಿಂದ ತಿಂಗಳಿಗೆ ಇಂತಿಷ್ಟೆಂದು ನೆರವು ಸಿಗುತ್ತದೆ. ಅದು 4,000 ರೂಪಾಯಿ ಇದ್ದದ್ದನ್ನು 2025ರ ಅಕ್ಟೋಬರಿನಲ್ಲಿ 8,000ಕ್ಕೆ ಏರಿಸಲಾಯಿತು. ಮಕ್ಕಳ ಓದಿಗೆ ಕೊಡುವುದು ತಿಂಗಳಿಗೆ 1,000ದಿಂದ 2,000 ಆಯಿತು, ಮದುವೆಗೆ ಕೊಡುವುದು 50,000ದಿಂದ ಒಂದು ಲಕ್ಷವಾಯಿತು. ಸೇನೆಯಲ್ಲಿದ್ದವರಿಗೆಲ್ಲ ಪಿಂಚಣಿ ಬರುತ್ತದೆ ಎಂದು ತಿಳಿದವರು ಹೆಚ್ಚು. ಪಿಂಚಣಿಗೆ ಬೇಕಾದಷ್ಟು ವರ್ಷ ತುಂಬುವ ಮೊದಲೇ ಹೊರಬಂದವರಿಗೆ ಅದು ಇಲ್ಲ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷ ದುಡಿದು ಮರಳುವವರಿಗೂ ಇಲ್ಲ. ಅವರಿಗೆ ಸಿಗುವುದು ಒಂದೇ ಸಲದ ಇಡಿಗಂಟು. ಮುಂದಿನ ವರ್ಷಗಳಲ್ಲಿ ಇವರೂ ಇದೇ ಊರುಗಳ ಅಂಗಡಿ ಬೀದಿಗೆ ಕೆಲಸ ಕೇಳಿಕೊಂಡು ಬರಲಿದ್ದಾರೆ.

ಹಿಂದಿನ ಕಾಲದಲ್ಲಿ ವೀರನ ಮನೆಗೆ ಬಿಟ್ಟ ಗದ್ದೆಯ ಲೆಕ್ಕ ಕಲ್ಲಿನ ಮೇಲಿತ್ತು. ಹೋಗುವವರು ಬರುವವರು ಓದಬಹುದಿತ್ತು, ತಪ್ಪಿ ನಡೆದವನಿಗೆ ಶಾಪವೂ ಅದರಲ್ಲೇ ಬರೆದಿರುತ್ತಿತ್ತು. ಇಂದಿನ ಅಂಗಡಿಯವರ ಕೈಯಲ್ಲಿರುವುದು ಒಂದು ರಸೀದಿ. ಅದನ್ನು ಕೇಳಿ ಪಡೆದು ಗೋಡೆಗೆ ಅಂಟಿಸಿದರೆ ಡಬ್ಬಿಗೆ ಹಾಕಿದ ಹತ್ತು ರೂಪಾಯಿ ಎಲ್ಲಿಗೆ ಹೋಯಿತೆಂದು ಊರಿಗೆ ತಿಳಿಯುತ್ತದೆ. ಮುಂದಿನ ಡಿಸೆಂಬರಿನಲ್ಲಿ ಬೋಣಿ ಆಗುವ ಮೊದಲೇ ಡಬ್ಬಿ ಬಂದರೂ ಅದಕ್ಕೆ ಜಾಗ ಸಿಗುತ್ತದೆ.